ಒಂದೇ ಮಗ್ಗುಲಿನ ಗುರುತು

ಹೋದ ತಿಂಗಳು ನೆಂಟರ ಮನೆಯ ಮದುವೆ ಮುಗಿಸಿಕೊಂಡು ಹೊನ್ನಾಳಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ನಿಲ್ದಾಣದ ಪಕ್ಕದ ಗೋಡೆಗೆ ಜಾಹೀರಾತು ಬರೆಯಲು ಬಂದವನೊಬ್ಬ ಕರಿ ಬಣ್ಣದ ಡಬ್ಬಿಗೆ ಸೀಮೆಎಣ್ಣೆ ಸುರಿದು ಕಡ್ಡಿಯಿಂದ ಕಲಸುತ್ತಿದ್ದ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಬಲಗೈ ತಾನಾಗಿಯೇ ಸೆರಗಿಗೆ ಒರೆಸಿಕೊಂಡಿತು. ಕೈಯಲ್ಲಿ ಬಣ್ಣವಿರಲಿಲ್ಲ. ಬಣ್ಣ ಮುಟ್ಟಿ ಎಷ್ಟು ವರ್ಷವಾಯಿತೋ ಲೆಕ್ಕವೂ ಇಲ್ಲ. ಆದರೂ ಮನೆಗೆ ಬರುವ ತನಕ ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಚನ್ನಗಿರಿಯಲ್ಲಿ ಕಳೆದ ಅಷ್ಟು ವರ್ಷಗಳಲ್ಲಿ ಆ ಒಂದು ವರ್ಷದ್ದನ್ನು ಬರೆದಿಡಬೇಕು ಅನ್ನಿಸಿದ್ದು ಬಸ್ಸಿನಲ್ಲೇ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನನಗೆ ಇಪ್ಪತ್ತಾರು ವಯಸ್ಸು. ನಮ್ಮವರು ಚನ್ನಗಿರಿಯ ಒಂದು ಲಾರಿ ಆಫೀಸಿನಲ್ಲಿ ರೈಟರ್ ಆಗಿದ್ದರು. ಶಿವಮೊಗ್ಗದಿಂದ ಬರುವ ಸಾಮಾನೆಲ್ಲ ಅಲ್ಲಿ ಇಳಿಯುತ್ತಿತ್ತು. ಹೊನ್ನಾಳಿ, ನ್ಯಾಮತಿಗೆ ಹೋಗುವುದು ಒಂದು ಕಡೆ, ದಾವಣಗೆರೆ ದಾಟಿ ಜಗಳೂರಿಗೆ ಹೋಗುವುದು ಇನ್ನೊಂದು ಕಡೆ ಅಂತ ವಿಂಗಡಿಸಿ, ಮೇಲೆ ವಿಳಾಸ ಬರೆದು, ಗುರುತು ಹಚ್ಚಿ ಮತ್ತೆ ಲಾರಿಗೆ ಏರಿಸುತ್ತಿದ್ದರು. ವಿಳಾಸ ಬರೆಯುವುದು, ಗುರುತು ಹಚ್ಚುವುದು ನಮ್ಮವರ ಕೆಲಸ. ಆಫೀಸಿನ ಹಿಂದೆ ಉದ್ದನೆಯ ಗೋಡೌನು. ತಗಡಿನ ಸೂರು, ಸುಣ್ಣ ಬಳಿದ ಗೋಡೆ.

ಉಗಾದಿ ಕಳೆದು ಒಂದು ವಾರವಾಗಿತ್ತು. ಆ ಗೋಡೌನಿನಲ್ಲಿ ಸಾಮಾನು ತುಂಬಿದ ದೊಡ್ಡ ಹಲಗೆ ಡಬ್ಬಿಗಳ ಸಾಲು ಕುಸಿದು ನಮ್ಮವರ ಮೇಲೆ ಬಿತ್ತು. ಲಾಟೀನು ಗಾಜು ತುಂಬಿದ್ದ ತೆಳು ಹಲಗೆಯ ಡಬ್ಬಿ ಅಡಿಯಲ್ಲಿತ್ತಂತೆ. ಅದರ ಮೇಲೆ ನೀರೆತ್ತುವ ಪಂಪಿನ ಕಬ್ಬಿಣದ ಸಾಮಾನು ಪೇರಿಸಿದ್ದರಂತೆ. ಅಡಿಯದು ಒಡೆಯಿತು, ಮೇಲಿನದು ಬಂತು. ನಮ್ಮವರು ಪಕ್ಕದಲ್ಲೇ ಬಗ್ಗಿ ಇನ್ನೊಂದು ಮೂಟೆಯ ಮೇಲೆ ವಿಳಾಸ ಬರೆಯುತ್ತಿದ್ದರು.

ಸುದ್ದಿ ತಂದವನು ಬಾಗಿಲಲ್ಲಿ ನಿಂತು ಹೇಳುವಾಗ ನಾನು ಹಜಾರದಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೆ. ಅವನು ಹೇಳಿದ್ದು ಕೇಳಿಸಿತು. ಕೈಯಲ್ಲಿದ್ದ ಹಣ್ಣಿನಿಂದ ಬೀಜ ಬಿಡಿಸಿ ಬುಟ್ಟಿಗೆ ಹಾಕಿದೆ, ಆಮೇಲೆ ಎದ್ದೆ. ಅದನ್ನು ಅತ್ತೆ ನೋಡಿದರು. ತುಂಬ ದಿನ ಅವರು ಅದನ್ನು ಮರೆಯಲಿಲ್ಲ. ನನಗೆ ಅಳು ಬರಲಿಲ್ಲ. ಅವತ್ತೂ ಇಲ್ಲ, ಮಣ್ಣು ಮಾಡಿದ ದಿನವೂ ಇಲ್ಲ. ಬಂದ ಹೆಂಗಸರು ನನ್ನನ್ನು ತಬ್ಬಿಕೊಂಡು ಅಳುತ್ತಿದ್ದರು. ಅವರ ಕಣ್ಣೀರು ನನ್ನ ಹೆಗಲಿಗೆ ತಾಗಿ ಒದ್ದೆಯಾಗುತ್ತಿತ್ತು. ಒದ್ದೆಯಾಯಿತು ಎಂದಷ್ಟೇ ತಿಳಿಯುತ್ತಿತ್ತು. ಒಂದೇ ಮಗ್ಗುಲಲ್ಲಿ ಮಲಗಿ ಎದ್ದಾಗ ತೋಳು ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಬೇರೆ ಯಾರದೋ ತೋಳು ಅನ್ನಿಸುತ್ತದಲ್ಲ, ಹಾಗೆ. ತೋಳಾದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ.

ಪೊಲೀಸರು ಬಂದು ಬರೆದುಕೊಂಡು ಹೋದರು. ಆಕಸ್ಮಿಕ ಅಂದರು. ಪೇರಿಸಿದವರು ಯಾರು ಎಂದು ಅತ್ತೆ ಕೇಳಿದ್ದಕ್ಕೆ, ಹಮಾಲರು ಅಂದರೆ ಹತ್ತು ಜನ, ಯಾರ ಕೈ ಅಂತ ಹೇಳುವುದು ಅಂದರು. ಅವತ್ತಿನಿಂದ ಅತ್ತೆ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಒಂದು ಮಾತು ಹೇಳುತ್ತಿದ್ದರು. "ಪೇರಿಸಿದ ಕೈ ಸೇದಿ ಹೋಗ್ಲಿ." ಜೋರಾಗಿ ಅಲ್ಲ. ಎಣ್ಣೆ ಮುಗಿಯಿತು, ನಾಳೆ ತರಬೇಕು ಅನ್ನುವ ಹಾಗೆ.

ಹದಿನೈದು ದಿನ ಕಳೆದ ಮೇಲೆ ಲಾರಿ ಆಫೀಸಿನ ಮಾಲೀಕರು, ಗುರುಸಿದ್ದಪ್ಪನವರು, ಮನೆಗೆ ಬಂದರು. ವಯಸ್ಸಾದವರು, ಹಣೆ ತುಂಬ ವಿಭೂತಿ. ಜಗಲಿಯ ಮೇಲೆ ಕೂತರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಎಸ್ಸೆಲ್ಸಿ ಓದೀರಿ ಅಂತ ಕೇಳೀನಿ. ಅಕ್ಷರ ದುಂಡಗೆ ಬರೀತೀರಾ?" ಎಂದು ಕೇಳಿದರು.

"ಬರೀತೀನಿ ರೀ."

"ರೈಟ್ರ ಕೆಲ್ಸ ಖಾಲಿ ಐತೆ. ಬರಾಕೆ ಮನ್ಸಿದ್ರೆ ಬರ್ರಿ. ಹೆಣ್ಣಮಕ್ಳು ಯಾರೂ ಇಲ್ಲ ಅಲ್ಲಿ. ಆದ್ರೆ ಕೆಟ್ಟ ಮಾತು ಆಡೋರೂ ಇಲ್ಲ."

ನಾನು ಅತ್ತೆಯ ಮುಖ ನೋಡಿದೆ. "ಹೋಗು," ಅಂದರು ಅತ್ತೆ. "ಮನೇಲಿ ಕುಂತು ಗ್ವಾಡೆ ನೋಡೋದಕ್ಕಿಂತ ವಾಸಿ."

ಹೀಗೆ ನಾನು ನಮ್ಮವರು ಕೂರುತ್ತಿದ್ದ ಮಣೆಯ ಮೇಲೆ ಕೂತೆ, ಅವರ ಬಣ್ಣದ ಡಬ್ಬಿಯಲ್ಲೇ ಸೀಮೆಎಣ್ಣೆ ಕಲಸಿದೆ. ಗುರುತು ಹಚ್ಚಲು ತಗಡಿನ ಅಚ್ಚುಗಳಿದ್ದವು. ಹೊನ್ನಾಳಿಯ ತಗಡಿನ ಕೆಲಸದವನ ಹತ್ತಿರ ನಮ್ಮವರೇ ಹೇಳಿ ಅವನ್ನು ಮಾಡಿಸಿ ತಂದಿದ್ದರು. ಅಚ್ಚನ್ನು ಹಲಗೆಗೆ ಒತ್ತಿ ಹಿಡಿದು, ಬಟ್ಟೆ ಉಂಡೆಯನ್ನು ಬಣ್ಣಕ್ಕೆ ಅದ್ದಿ ತಟ್ಟಿದರೆ ಚಿತ್ರ ಮೂಡುತ್ತಿತ್ತು. ಕೊಡೆ ಇದ್ದರೆ ನೀರು ತಾಗಬಾರದು. ಕಾಲಿರುವ ಗಾಜಿನ ಲೋಟವಿದ್ದರೆ ಒಳಗಿನದು ಒಡೆಯುತ್ತದೆ. ಮೇಲ್ಮುಖದ ಎರಡು ಬಾಣವಿದ್ದರೆ ಆ ಕಡೆ ಮೇಲಿರಬೇಕು. ಕೊಕ್ಕೆಯ ಮೇಲೆ ಅಡ್ಡಗೀಟು ಎಳೆದಿದ್ದರೆ ಕೊಕ್ಕೆ ಹಾಕಿ ಎತ್ತಬಾರದು. ಒಂದು ಡಬ್ಬಿಯ ಮೇಲೆ ಇನ್ನೊಂದು ಡಬ್ಬಿ ಬರೆದು ಕತ್ತರಿಗೀಟು ಹಾಕಿದ್ದರೆ ಮೇಲೆ ಏನೂ ಪೇರಿಸಬಾರದು. ಬೆಳಗಿನಿಂದ ಸಂಜೆಯ ತನಕ ಕೊಡೆ, ಲೋಟ, ಬಾಣ. ಯೋಚಿಸಬೇಕಾದ್ದು ಏನೂ ಇರಲಿಲ್ಲ. ಅದು ನನಗೆ ಹಿಡಿಸಿತ್ತು.

ಹಮಾಲರಲ್ಲಿ ದುರುಗಪ್ಪ ಅಂತ ಒಬ್ಬನಿದ್ದ. ನಲವತ್ತರ ಆಸುಪಾಸು, ಗಿಡ್ಡ ಆಳು, ಭಾರ ಹೊತ್ತು ಹೊತ್ತು ಕುತ್ತಿಗೆಯೇ ಇಲ್ಲದಂತಾಗಿದ್ದ. ನ್ಯಾಮತಿ ಕಡೆಯ ಗೋವಿನಕೋವಿಯವನು. ವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತಿದ್ದ. ಅವನು ಒಂದು ದಿನವೂ ನನ್ನ ಮುಖ ನೋಡಿ ಮಾತಾಡಲಿಲ್ಲ. ಆದರೆ ನಾನು ಬರುವ ಹೊತ್ತಿಗೆ ನನ್ನ ಮಣೆ ನೆರಳಿನಲ್ಲಿರುತ್ತಿತ್ತು, ಹೂಜಿಯಲ್ಲಿ ನೀರಿರುತ್ತಿತ್ತು. ಗುರುತು ಹಚ್ಚಬೇಕಾದ ಡಬ್ಬಿಗಳನ್ನು ಅವನೇ ತಂದು ಎದುರಿಗಿಡುತ್ತಿದ್ದ. ನಾನು ಒಂದು ಮಗ್ಗುಲಿಗೆ ಹಚ್ಚಿ ಅಚ್ಚು ಎತ್ತಿದ ಮೇಲೂ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ನಿಂತಿರುತ್ತಿದ್ದ.

"ಇನ್ನೊಂದು ಮಗ್ಗುಲು ತಿರುಗಿಸ್ಲಾ ಅಮ್ಮಾರೆ?"

"ಬೇಡ, ಸಾಕು. ನಮ್ಮವರು ಒಂದೇ ಕಡೆ ಹಚ್ತಿದ್ರು."

"ಹೂಂ ರೀ," ಎಂದು ಎತ್ತಿಕೊಂಡು ಹೋಗುತ್ತಿದ್ದ. ಮಾರನೆಯ ದಿನ ಮತ್ತೆ ಅದೇ ಪ್ರಶ್ನೆ. ಇವನಿಗೆ ಬುದ್ಧಿ ಸ್ವಲ್ಪ ಕಡಿಮೆ ಇರಬೇಕು ಅಂದುಕೊಂಡಿದ್ದೆ.

ಬೇಸಿಗೆ ಹಾಗೆ ಕಳೆಯಿತು. ಮಳೆ ಹಿಡಿಯಿತು. ಆರಿದ್ರಾ ಮಳೆ ಇರಬೇಕು, ಒಂದು ಮಧ್ಯಾಹ್ನ ಶಿವಮೊಗ್ಗದ ಲಾರಿ ಎಲ್ಲೋ ಸಿಕ್ಕಿಬಿದ್ದು ಬರುವುದು ತಡವಾಯಿತು. ಹಮಾಲರು ಗೋಡೌನಿನ ಬಾಗಿಲಲ್ಲಿ ಕೂತು ಬೀಡಿ ಸೇದುತ್ತಿದ್ದರು. ತಗಡಿನ ಮೇಲೆ ಮಳೆ ಸದ್ದು. ನನಗೂ ಕೆಲಸವಿರಲಿಲ್ಲ. ಅಚ್ಚುಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದೆ. ಯಾಕೆ ಕೇಳಿದೆನೋ ಗೊತ್ತಿಲ್ಲ, "ಈ ಗುರುತುಗಳು ಏನು ಅಂತ ನಿಮಗೆಲ್ಲ ಗೊತ್ತೈತಾ?" ಎಂದೆ.

ಅವರಲ್ಲಿ ಹಿರಿಯನಾದ ರಂಗಪ್ಪ ನಗುತ್ತಾ ಲೋಟದ ಅಚ್ಚು ತೋರಿಸಿದ. "ಇದು ಹೆಂಡದ್ದು ರೀ. ಸಾಹುಕಾರ್ರು ಕುಡಿಯಾಕೆ ತರಿಸ್ಕೊಳ್ಳೋದು."

"ಹೆಂಡ ಅಲ್ಲ ಅದು. ಗಾಜಿನ ಸಾಮಾನು ಅಂತ."

"ಹೌದಾ. ನಾವು ಅದ್ನ ಮೂಸಿ ನೋಡ್ತಿದ್ವಿ ಕಣ್ರೀ."

ಎಲ್ಲರೂ ನಕ್ಕರು. ಕೊಡೆ ತೋರಿಸಿದೆ. ಈಗ ದುರುಗಪ್ಪನೇ ಹೇಳಿದ, ನೆಲ ನೋಡುತ್ತಾ. "ಸ್ವಾಮಿಗಳು ಬಂದ್ರೆ ಮ್ಯಾಲೆ ಛತ್ರಿ ಹಿಡೀತಾರಲ್ಲ ರೀ. ಇದು ದೊಡ್ಡೋರ ಸಾಮಾನು ಅಂತ ತಿಳ್ಕೊಂಡಿದ್ವಿ. ಅದ್ಕೇ ಲಾರಿ ಮ್ಯಾಲಕ್ಕೆ, ಎಲ್ಲಾದಕ್ಕಿಂತ ಮ್ಯಾಲೆ ಇಡ್ತಿದ್ವಿ."

"ಮಳೇಲೂ?"

"ಮಳೇಲೂ ಮ್ಯಾಲೇನೇ ರೀ."

ಅವರ ನಗು ಇನ್ನೂ ಜೋರಾಯಿತು. ನನಗೂ ನಗಬೇಕು ಅನ್ನಿಸಿತು. ನಗು ಎಲ್ಲಿಂದ ಶುರುವಾಗುತ್ತದೆ ಎಂಬುದೇ ಮರೆತಂತಿತ್ತು. ಕೊನೆಗೆ ಕತ್ತರಿಗೀಟಿನ ಅಚ್ಚು ಕೈಗೆತ್ತಿಕೊಂಡೆ. ನಗು ನಿಂತಿತು. ರಂಗಪ್ಪ ಬೀಡಿ ನೆಲಕ್ಕೆ ಉಜ್ಜಿದ.

"ಅದು ಗೊತ್ತೈತೆ ರೀ," ಅಂದ ದುರುಗಪ್ಪ. "ರೈಟ್ರು ಹೇಳಿ ಕೊಟ್ಟಿದ್ರು. ಮ್ಯಾಲೆ ಏನೂ ಇಡಬಾರ್ದು."

"ಹಂಗಾದ್ರೆ ಅವತ್ತು ಪೇರಿಸಿದ್ದು ಯಾರು?"

ಇಷ್ಟು ದಿನ ನಾನು ಯಾರನ್ನೂ ಕೇಳಿರಲಿಲ್ಲ. ಕೇಳಬೇಕೆಂದು ಅಂದುಕೊಂಡೂ ಇರಲಿಲ್ಲ. ದುರುಗಪ್ಪ ಎದ್ದು ನಿಂತ. ಕೂತು ಹೇಳುವ ಮಾತಲ್ಲ ಅಂತಿರಬೇಕು.

"ನಾನು ರೀ ಅಮ್ಮಾರೆ."

"ಡಬ್ಬಿಗೆ ಗುರುತು ಇರಲಿಲ್ವಾ?"

"ಇತ್ತು ರೀ."

"ನೋಡಲಿಲ್ವಾ?"

ಅವನು ಹೆಗಲ ಮೇಲಿನ ಟವೆಲು ತೆಗೆದು ಮಡಚಿದ. ಮತ್ತೆ ಬಿಡಿಸಿದ. "ನೋಡ್ಲಿಲ್ಲ ರೀ."

ಅಷ್ಟರಲ್ಲಿ ಲಾರಿ ಬಂತು. ಅವರೆಲ್ಲ ಇಳಿಸಲು ಹೋದರು. ನಾನು ಸಂಜೆಯ ತನಕ ಗುರುತು ಹಚ್ಚಿದೆ, ದುರುಗಪ್ಪ ತಂದಿಟ್ಟ ಡಬ್ಬಿಗಳಿಗೇ. ಅವತ್ತು ಅವನು ಇನ್ನೊಂದು ಮಗ್ಗುಲು ತಿರುಗಿಸಲಾ ಎಂದು ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಮಾಲೀಕರು ಪೂಜೆ ಮುಗಿಸಿ ಕುರ್ಚಿಯಲ್ಲಿ ಕೂರುವುದನ್ನೇ ಕಾದು, ಎದುರಿಗೆ ನಿಂತು ಹೇಳಿದೆ. "ದುರುಗಪ್ಪ ಇರೋ ಕಡೆ ನನಗೆ ಕೆಲಸ ಮಾಡಾಕೆ ಆಗಲ್ಲ ರೀ."

ಅವರು ಯಾಕೆ ಎಂದು ಕೇಳಲಿಲ್ಲ. ಅವರಿಗೆ ಮೊದಲೇ ಗೊತ್ತಿತ್ತು ಅಂತ ಆ ಮೌನದಿಂದಲೇ ತಿಳಿಯಿತು. "ಹನ್ನೆರಡು ವರ್ಷದಿಂದ ಇರೋ ಆಳು ಅವ್ನು," ಅಂದರು. ನಾನು ಅಲ್ಲಿಂದ ಕದಲಲಿಲ್ಲ. "ಆಗ್ಲಿ," ಅಂದರು ಕೊನೆಗೆ.

ಮಧ್ಯಾಹ್ನದ ಹೊತ್ತಿಗೆ ಅವನು ಹೊರಟ. ಗೋಡೆಗೆ ಸಿಕ್ಕಿಸಿದ್ದ ಕೊಕ್ಕೆ ತೆಗೆದುಕೊಂಡ, ಮೂಲೆಯಲ್ಲಿದ್ದ ಬುತ್ತಿಯ ಗಂಟು ತೆಗೆದುಕೊಂಡ. ಹೋಗುವ ಮೊದಲು ನನ್ನ ಹೂಜಿ ಅಲ್ಲಾಡಿಸಿ ನೋಡಿದ, ನೀರಿದೆಯೋ ಇಲ್ಲವೋ ಅಂತ. ಅದನ್ನು ನೋಡಿಯೂ ನನಗೆ ಏನೂ ಆಗಲಿಲ್ಲ. ಸಮಾಧಾನವೂ ಆಗಲಿಲ್ಲ, ಸಂಕಟವೂ ಆಗಲಿಲ್ಲ. ಸಂಜೆ ಮನೆಗೆ ಹೋಗಿ ಅತ್ತೆಗೆ ಹೆಸರು ಹೇಳಿದೆ. ಅತ್ತೆ ದೀಪ ಹಚ್ಚಿದ ಮೇಲೆ ಹೇಳುವ ಮಾತಿಗೆ ಅವತ್ತಿನಿಂದ ಅವನ ಹೆಸರು ಸೇರಿಸಿದರು.

ಶ್ರಾವಣದಲ್ಲಿ ಜಗಳೂರಿನ ಕಡೆ ವಾಂತಿಭೇದಿ ಎದ್ದಿದೆ ಎಂಬ ಸುದ್ದಿ ಬಂತು. ಇಲ್ಲಿ ಮಳೆ ಹೆಚ್ಚಾಗಿ ಹಳ್ಳ ತುಂಬಿದ್ದರೆ ಅಲ್ಲಿ ಮಳೆಯೇ ಸರಿಯಾಗಿರಲಿಲ್ಲವಂತೆ. ಕೆರೆಯ ತಳದ ನೀರನ್ನೇ ಕುಡಿದಿದ್ದರಂತೆ. ಆ ಕಡೆಯ ಒಂದು ಹಳ್ಳಿಯ ಆಸ್ಪತ್ರೆಗೆಂದು ಗ್ಲೂಕೋಸ್ ಬಾಟಲಿಗಳು ಶಿವಮೊಗ್ಗದಿಂದ ಬಂದವು. ಆಗೆಲ್ಲ ಗಾಜಿನ ಬಾಟಲಿ. ಬಿಡಿಬಿಡಿಯಾಗಿ ಬಂದದ್ದನ್ನು ನಮ್ಮಲ್ಲೇ ಹುಲ್ಲು ಹಾಕಿ ಹಲಗೆ ಡಬ್ಬಿಗಳಿಗೆ ತುಂಬಿಸಿದರು. ನಾನು ಲೋಟ ಹಚ್ಚಿದೆ, ಬಾಣ ಹಚ್ಚಿದೆ, ಕತ್ತರಿಗೀಟು ಹಚ್ಚಿದೆ. ಅಚ್ಚು ಅಲುಗಾಡದಂತೆ ಹಿಡಿದು, ಬಣ್ಣ ಹರಡದಂತೆ ತಟ್ಟಿ, ಚೊಕ್ಕಟವಾಗಿ ಹಚ್ಚಿದೆ. ಒಂದೇ ಮಗ್ಗುಲಿಗೆ. ದುರುಗಪ್ಪನ ಜಾಗಕ್ಕೆ ಬಂದ ಹೊಸ ಆಳು ಏನೂ ಕೇಳದೆ ಎತ್ತಿಕೊಂಡು ಹೋದ.

ಎಂಟು ಹತ್ತು ದಿನವಾದ ಮೇಲೆ ಆ ಆಸ್ಪತ್ರೆಯ ಕಾಂಪೌಂಡರು ನಮ್ಮ ಆಫೀಸಿಗೆ ಬಂದರು. ತಿಪ್ಪೇಸ್ವಾಮಿ ಅಂತ ಹೆಸರು. ತೆಳ್ಳಗಿನ ಮನುಷ್ಯ, ದಪ್ಪ ಕನ್ನಡಕ, ನಿದ್ದೆಯಿಲ್ಲದ ಕಣ್ಣು. ಮಾಲೀಕರ ಹತ್ತಿರ ಮಾತಾಡಿ ನನ್ನ ಬಳಿ ಬಂದು, ಕೈಚೀಲದಿಂದ ಒಂದು ಹಲಗೆ ತೆಗೆದು ನನ್ನ ಮುಂದಿಟ್ಟರು. ಅದರ ಮೇಲೆ ನಾನು ಹಚ್ಚಿದ ಲೋಟ, ಬಾಣ, ಕತ್ತರಿಗೀಟು.

"ಇದು ನಿಮ್ಮ ಕೈದಾ ಅಮ್ಮ?"

"ಹೌದ್ರೀ."

"ಚೆನ್ನಾಗಿ ಹಚ್ಚೀರಿ. ಉಳಿದ ಮೂರು ಮಗ್ಗುಲು ಯಾಕೆ ಖಾಲಿ ಬಿಟ್ರಿ?"

"ಇಲ್ಲಿ ಹಂಗೇ ವಾಡಿಕೆ ರೀ."

"ಡಬ್ಬಿ ಇಡೋರು ಗುರುತಿನ ಮುಖ ಹೊರಗೆ ಬರೋಹಂಗೇ ಇಡ್ತಾರೆ ಅಂತ ಏನು ಗ್ಯಾರಂಟಿ? ದಾವಣಗೆರೇಲಿ ಲಾರಿ ಬದಲಾಯಿಸುವಾಗ ಗುರುತು ಒಳಮಗ್ಗುಲಾಗಿ ಹೋಗೈತೆ. ಅವರಿಗೆ ಕಂಡಿದ್ದು ಬರೀ ಹಲಗೆ. ಮೇಲೆ ಜೋಳದ ಚೀಲ ಹಾಕ್ಯಾರೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳುವ ಶಕ್ತಿಯೂ ಇದ್ದಂತಿರಲಿಲ್ಲ. "ಕಂಪನಿ ಡಬ್ಬಿ ನೋಡ್ರಿ ನೀವು, ನಾಲ್ಕು ಕಡೇನೂ ಹಚ್ಚಿರ್ತಾರೆ. ಹೆಂಗೆ ತಿರುಗಿಸಿದ್ರೂ ಕಾಣಬೇಕು."

"ಬಾಟ್ಲಿ?"

"ಹೆಚ್ಚೂಕಮ್ಮಿ ಎಲ್ಲಾ ಹೋದವು. ದುರ್ಗದಿಂದ ಜೀಪಿನಾಗೆ ಬೇರೆ ತರಿಸೋ ಹೊತ್ತಿಗೆ ಮಾರನೇ ದಿನ ಮಧ್ಯಾಹ್ನ ಆಯ್ತು."

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಮಾರನೆಯ ದಿನ ಮಧ್ಯಾಹ್ನದ ತನಕ ಏನಾಯಿತು ಎಂದು ಅವರು ಹೇಳಲಿಲ್ಲ. ನಾನು ಕೇಳಲಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ.

ಅವರು ಹೋದ ಮೇಲೆ ಆ ಹಲಗೆಯನ್ನು ತುಂಬ ಹೊತ್ತು ನೋಡುತ್ತಾ ಕೂತಿದ್ದೆ. ಆಮೇಲೆ ಎದ್ದು ಗೋಡೌನಿನ ಹಿಂದಕ್ಕೆ ಹೋದೆ. ನೀರಿನ ತೊಟ್ಟಿಯ ಆಚೆ, ಒಂದು ತಗಡಿನ ಕೆಳಗೆ, ಅವತ್ತು ಒಡೆದ ಡಬ್ಬಿಯ ಹಲಗೆಗಳನ್ನು ಇಟ್ಟಿದ್ದರು. ಪೊಲೀಸರು ಇಡಿ ಅಂದಿದ್ದರಂತೆ, ಆಮೇಲೆ ಅವರೂ ಕೇಳಿರಲಿಲ್ಲ, ಇವರೂ ಎಸೆದಿರಲಿಲ್ಲ. ನಾಲ್ಕು ತಿಂಗಳಿಂದ ಅದರ ಹತ್ತಿರ ಓಡಾಡಿದ್ದೇನೆ, ಒಮ್ಮೆಯೂ ತಗಡು ಎತ್ತಿರಲಿಲ್ಲ. ಎತ್ತಿದೆ. ಮಳೆಯಲ್ಲಿ ಹಲಗೆ ಕಪ್ಪಿಟ್ಟಿತ್ತು. ಒಂದೊಂದೇ ಹೊರಗೆ ತೆಗೆದು, ಮೊಳೆಯ ತೂತುಗಳನ್ನು ಹೊಂದಿಸಿ, ನೆಲದ ಮೇಲೆ ನಾಲ್ಕು ಮಗ್ಗುಲಾಗಿ ಜೋಡಿಸಿದೆ. ಒಂದು ಮಗ್ಗುಲಿನಲ್ಲಿ ನಮ್ಮವರ ಕೈಯ ಲೋಟವಿತ್ತು, ಕತ್ತರಿಗೀಟಿತ್ತು. ಉಳಿದ ಮೂರೂ ಬರಿ ಹಲಗೆ. ಗುರುತಿದ್ದ ಮಗ್ಗುಲಿನ ಮೇಲೆ ಸುಣ್ಣ ಉಜ್ಜಿಕೊಂಡಿತ್ತು. ಅದು ಗೋಡೆಗೆ ತಾಗಿಕೊಂಡು ನಿಂತಿದ್ದ ಮುಖ.

ದುರುಗಪ್ಪನ ಕಡೆಗಿದ್ದದ್ದು ಬರಿ ಹಲಗೆ.

ಇನ್ನೊಂದು ಮಗ್ಗುಲು ತಿರುಗಿಸಲಾ ಎಂದು ಅವನು ದಿನಾ ಕೇಳುತ್ತಿದ್ದದ್ದು ಆಗ ನೆನಪಾಯಿತು. ಒದ್ದೆ ನೆಲದ ಮೇಲೆ ಕೂತೆ. ರಂಗಪ್ಪ ಬಂದು ನೋಡಿ ವಾಪಸು ಹೋದ.

ಮಾಲೀಕರನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿದರು, ಸುಣ್ಣದ ಮೇಲೆ ಬೆರಳಾಡಿಸಿದರು. "ಈಗ ಯಾಕೆ ಅಮ್ಮ ಇದು," ಅಂದರು. "ಹೋದೋರ ಹೆಸರು ಯಾಕೆ ಕೆಡಿಸೋದು."

"ದುರುಗಪ್ಪನ್ನ ವಾಪಸ್ ಕರೀಬೇಕು ರೀ."

"ಆಯ್ತು, ಯಾರ ಕೈಲಾದ್ರೂ ಹೇಳಿ ಕಳಿಸ್ತೀನಿ."

"ಹೇಳಿ ಕಳಿಸೋದು ಬೇಡ ರೀ. ನಾನೇ ಹೋಗ್ತೀನಿ."

ಬೆಳಗಿನ ಬಸ್ಸಿಗೆ ಹೊನ್ನಾಳಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಗೋವಿನಕೋವಿಯಲ್ಲಿ ಇಳಿದೆ. ಗಂಡ ಸತ್ತ ಮೇಲೆ ನಾನು ಒಬ್ಬಳೇ ಚನ್ನಗಿರಿ ದಾಟಿದ್ದು ಅದೇ ಮೊದಲು. ಕೇಳಿಕೊಂಡು ಹೋದರೆ ಅವನ ಹೆಂಡತಿ ಬಾಗಿಲಲ್ಲಿ ಸಿಕ್ಕಳು. ನಾನು ಯಾರು ಎಂದು ಹೇಳಿದ ಕೂಡಲೇ ಅವಳ ಮುಖ ಗಟ್ಟಿಯಾಯಿತು. ಆದರೂ ಚಾಪೆ ಹಾಸಿದಳು, ಮಜ್ಜಿಗೆ ಕೊಟ್ಟಳು. ಯಾರನ್ನೋ ಕಳಿಸಿ ಗದ್ದೆಯಿಂದ ಗಂಡನನ್ನು ಕರೆಸಿದಳು. ಕಂಡವರ ಗದ್ದೆಯಲ್ಲಿ ಕಳೆ ಕೀಳುತ್ತಿದ್ದನಂತೆ. ಮೊಣಕಾಲಿನ ತನಕ ಕೆಸರು. ನನ್ನನ್ನು ನೋಡಿ ಅಂಗಳದಲ್ಲೇ ನಿಂತ.

"ಗುರುತು ಒಂದೇ ಮಗ್ಗುಲಿಗಿತ್ತು ಅಂತ ನಿನಗೆ ಗೊತ್ತಿತ್ತು," ಅಂದೆ.

ಅವನು ಹೆಂಡತಿಯ ಕಡೆ ನೋಡಿದ, ಆಮೇಲೆ ನೆಲ ನೋಡಿದ. "ಹಲಗೆ ಆರಿಸಿ ಎತ್ತಿಟ್ಟಿದ್ದು ನಾನೇ ರೀ. ಆವಾಗ ಕಂಡೆ."

"ಅವತ್ತು ಕೇಳಿದಾಗ ಯಾಕೆ ಹೇಳಲಿಲ್ಲ?"

"ಹೆಂಗೆ ಹೇಳ್ಲಿ ರೀ. ನೀವು ಅವ್ರ ಅಚ್ಚು ಕೈಯಾಗೆ ಹಿಡ್ಕೊಂಡು ಕುಂತಿದ್ರಿ." ಕೈಯ ಕೆಸರು ಉಜ್ಜಿಕೊಂಡ. "ಪೇರಿಸಿದ್ದು ನಾನೇ ಅಲ್ವಾ ರೀ. ಅದೇನು ಸುಳ್ಳಲ್ಲ. ಆ ಡಬ್ಬಿ ಎತ್ತಿದಾಗ್ಲೇ ಹಗೂರ ಅನ್ನಿಸ್ತು. ಹಗೂರ ಇದ್ದದ್ದು ಅಡಿಗೆ ಹಾಕ್ಬಾರ್ದು ಅಂತ ಹೆಗಲಿಗೆ ಗೊತ್ತಾಗ್ತೈತೆ. ಅದಕ್ಕೆ ಗುರುತೇನೂ ಬ್ಯಾಡ. ಅವಸ್ರ ಇತ್ತು, ಹಾಕ್ಬಿಟ್ಟೆ."

"ಅವಸರ ನಮ್ಮವರಿಗೂ ಇತ್ತು," ಅಂದೆ.

ಅವನ ಹೆಂಡತಿ ನನ್ನ ಮುಂದಿನ ಲೋಟ ಎತ್ತಿಕೊಂಡಳು, ಒಳಗೆ ಹೋಗದೆ ಅಲ್ಲೇ ನಿಂತಳು.

"ವಾಪಸ್ ಬಾ ದುರುಗಪ್ಪ. ಕರೆಯಾಕೆ ಬಂದೀನಿ."

ಉತ್ತರ ಕೊಟ್ಟವಳು ಅವನ ಹೆಂಡತಿ. "ನಾಳೆ ಮತ್ತೆ ಯಾರಾದ್ರೂ ಹೋಗು ಅಂದ್ರೆ ಏನ್ರೀ ಮಾಡೋದು? ಈತ ಎರಡು ತಿಂಗ್ಳಿಂದ ಯಾರ ಕೂಟೆನೂ ಮಾತಾಡಿಲ್ಲ. ಗದ್ದೇಗೆ ಹೋಗ್ತಾನೆ, ಬರ್ತಾನೆ. ಕರೆದ್ರೆ ತಿರುಗಿ ನೋಡ್ತಾನೆ, ಅಷ್ಟೇ."

ನಾನೂ ಹಾಗೇ ಇದ್ದೇನೆ ಎಂದು ಅವಳಿಗೆ ಹೇಳಲಿಲ್ಲ. "ಹೋಗು ಅಂತ ಹೇಳಿಸಿದ್ದು ನಾನೇ," ಅಂದೆ. "ತಪ್ಪಾಯ್ತು. ಅದನ್ನ ಆಫೀಸ್ನಾಗೆ ಎಲ್ಲರ ಮುಂದೆ ಹೇಳ್ತೀನಿ."

ದುರುಗಪ್ಪ ತಲೆಯಾಡಿಸಿದ. ಬರುತ್ತೇನೆ ಎಂದೋ, ಹೇಳಬೇಡಿ ಎಂದೋ ತಿಳಿಯಲಿಲ್ಲ. ಬಸ್ಸಿನ ತನಕ ಬಂದ, ನನ್ನಿಂದ ನಾಲ್ಕು ಮಾರು ಹಿಂದೆಯೇ ನಡೆದು. ಬಸ್ಸು ದೂರದಲ್ಲಿ ಕಂಡಾಗ ಒಂದೇ ಮಾತು ಹೇಳಿದ. "ಮನೇಲಿ ದೊಡ್ಡಮ್ಮಾರಿಗೆ ಮಾತ್ರ ಹೇಳ್ಬ್ಯಾಡ್ರಿ. ಹೆತ್ತ ಹೊಟ್ಟೆ. ನನ್ನ ಹೆಸ್ರೇ ಇರ್ಲಿ."

ಸೋಮವಾರ ಅವನು ಕೆಲಸಕ್ಕೆ ಬಂದ. ಮಾಲೀಕರ ಎದುರು, ಹಮಾಲರೆಲ್ಲರ ಎದುರು, ಆ ಹಲಗೆಗಳನ್ನು ಗೋಡೌನಿನ ಬಾಗಿಲಲ್ಲಿ ಇಟ್ಟು ನಾನು ಹೇಳಬೇಕಾದ್ದು ಹೇಳಿದೆ. ನಮ್ಮವರು ಮೂರು ಮಗ್ಗುಲು ಖಾಲಿ ಬಿಟ್ಟಿದ್ದರು, ನಾನೂ ಹಾಗೇ ಬಿಟ್ಟೆ, ಜಗಳೂರಿನ ಬಾಟಲಿ ಒಡೆದದ್ದು ಅದರಿಂದ, ಇನ್ನು ಮುಂದೆ ನಾಲ್ಕು ಮಗ್ಗುಲಿಗೂ ಗುರುತು ಹಚ್ಚದ ಡಬ್ಬಿಯನ್ನು ಯಾರೂ ಎತ್ತಬಾರದು ಅಂದೆ. ಬೇರೆ ಯಾರದೋ ಮನೆಯ ಸಂಗತಿ ಓದಿ ಹೇಳಿದ ಹಾಗಿತ್ತು. ರಂಗಪ್ಪ ಮಾತ್ರ, "ನಾಲ್ಕು ಮಗ್ಗುಲು ಅಂದ್ರೆ ನಿಮಗೆ ನಾಲ್ಕು ಪಟ್ಟು ಕೆಲ್ಸ ಕಣ್ರೀ," ಅಂದ. ಹೌದು ಅಂದೆ. ಆಮೇಲೆ ನಾನು ಆ ಆಫೀಸಿನಲ್ಲಿ ಬಹಳ ವರ್ಷ ಇದ್ದೆ. ಡಬ್ಬಿ ತಿರುಗಿಸಿಕೊಟ್ಟವನು ದುರುಗಪ್ಪನೇ.

ಆದರೆ ಸಂಜೆಯ ದೀಪ ಉಳಿದಿತ್ತು. ಅವನು ವಾಪಸು ಬಂದದ್ದು ಅತ್ತೆಗೆ ಗೊತ್ತಿರಲಿಲ್ಲ. ದಿನಾ ಅವನ ಹೆಸರು ಹಿಡಿದು ಹೇಳುತ್ತಿದ್ದರು. ದಿನಾ ಕೇಳಿಸಿಕೊಳ್ಳುತ್ತಿದ್ದೆ. ಹೇಳಬೇಡಿ ಅಂದಿದ್ದನಲ್ಲ ಎಂದು ಕೆಲವು ವಾರ ಸುಮ್ಮನಿದ್ದೆ. ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ, ಹೋದವರಿಗೆ ಎಡೆ ಇಡಲು ಅತ್ತೆ ಅಕ್ಕಿ ಆರಿಸುತ್ತಾ ಕೂತಿದ್ದರು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಹಲಗೆ, ಸುಣ್ಣ, ಜಗಳೂರಿನ ಬಾಟಲಿ, ಗೋವಿನಕೋವಿ. ನಿಮ್ಮ ಮಗನ ತಪ್ಪೂ ಇತ್ತು ಎಂದು ಬಾಯಿಬಿಟ್ಟು ಹೇಳಿದೆ.

ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. ಮೊರದಲ್ಲಿದ್ದದ್ದು ಮುಗಿಯಿತು. ಇನ್ನೊಂದು ಬೊಗಸೆ ಹಾಕಿಕೊಂಡರು. ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಾರೆ ಅಂದುಕೊಂಡೆ. ಹಾಕಿದರೆ ಎಲ್ಲಿಗೆ ಹೋಗಬೇಕು ಎಂದೂ ಯೋಚಿಸಿದೆ.

"ಸಣ್ಣೋನಿದ್ದಾಗಿಂದ್ಲೂ ಅವ್ನು ಹಂಗೇ," ಅಂದರು ಅತ್ತೆ, ತಲೆ ಎತ್ತದೆ. "ಯಾವ್ದೂ ಪೂರ್ತಿ ಮಾಡ್ತಿರ್ಲಿಲ್ಲ. ಬೆನ್ನು ತಿಕ್ಕೋ ಅಂದ್ರೆ ಒಂದು ಕಡೆ ತಿಕ್ಕಿ ಓಡೋನು. ಹೊಸ್ಲಿಗೆ ಕೆಮ್ಮಣ್ಣು ಬಳಿ ಅಂದ್ರೆ ನಾವು ಕಾಣೋ ಮಗ್ಗುಲು ಬಳೀತಿದ್ದ. ಹಿಂದಿಂದು ಯಾರು ನೋಡ್ತಾರವ್ವ, ಅಂತಿದ್ದ."

ಅದೇ ದನಿ. ನಮ್ಮವರು ನನಗೂ ಹಾಗೇ ಅನ್ನುತ್ತಿದ್ದರು. ಗೋಡೆಗೆ ಸುಣ್ಣ ಬಳಿಯುವಾಗ ಪೆಟ್ಟಿಗೆಯ ಹಿಂದೆ ಬಿಟ್ಟು, ಹಿಂದಿನದು ಯಾರು ನೋಡುತ್ತಾರೆ ಅಂತ ನಕ್ಕಿದ್ದರು. ಸತ್ತ ಮೇಲೆ ಅಷ್ಟು ತಿಂಗಳಲ್ಲಿ ಅವರ ಮುಖ ನನಗೆ ಸರಿಯಾಗಿ ನೆನಪಿಗೆ ಬಂದದ್ದು ಅವತ್ತೇ. ಅಲ್ಲಿಯ ತನಕ ನನ್ನೊಳಗೆ ಒಂದು ಫೋಟೋ ಇತ್ತು, ಮನುಷ್ಯ ಇರಲಿಲ್ಲ. ಅತ್ತೆ ಮೊರ ಕೆಳಗಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡರು. ನನಗೆ ಅಳು ಬಂತೋ ಇಲ್ಲವೋ ನೆನಪಿಲ್ಲ. ಅಕ್ಕಿಯಲ್ಲಿ ಕಲ್ಲು ಹುಡುಕುತ್ತಾ ಕೂತಿದ್ದದ್ದು ನೆನಪಿದೆ. ಎಷ್ಟು ಹೊತ್ತಾದರೂ ಒಂದೂ ಸಿಗಲಿಲ್ಲ, ಅವರು ಮೊದಲೇ ಎಲ್ಲ ತೆಗೆದಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಎದ್ದು ಒಲೆ ಹಚ್ಚಿದರು. "ಆ ದುರುಗಪ್ಪ ಇವತ್ತು ಕೆಲ್ಸಕ್ಕೆ ಬಂದಿದ್ದಾನಾ?" ಎಂದು ಒಲೆಯ ಕಡೆ ಮುಖ ಮಾಡಿಯೇ ಕೇಳಿದರು.

"ಬಂದಿರ್ತಾನೆ."

"ಎಡೆ ಇಟ್ಟ ಮ್ಯಾಲೆ ಊಟಕ್ಕೆ ಕರ್ಕೊಂಡು ಬಾ."

ಅವನು ಬರಲು ಒಪ್ಪಲಿಲ್ಲ. ಮಾಲೀಕರು ಗದರಿದ ಮೇಲೆ ಬಂದ. ಕೈಕಾಲು ತೊಳೆದು ಜಗಲಿಯ ಮೇಲೆ ಗೋಡೆಗೆ ಒರಗದೆ ಕೂತ. ಅತ್ತೆ ಎಲೆ ಹಾಕಿ ಬಡಿಸಿದರು. ಅವನು ತಲೆ ತಗ್ಗಿಸಿ ಉಂಡ. ಹೋಳಿಗೆ ಮುಗಿದ ಮೇಲೆ ಸಾಕು ಅನ್ನುವಂತೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ. ಅತ್ತೆ ಅಲ್ಲೇ ನಿಂತಿದ್ದರು, ಅವನು ಕೈ ತೆಗೆಯುವ ತನಕ. ತೆಗೆದ ಮೇಲೆ ಇನ್ನೊಂದು ಹಾಕಿದರು.